ಗೊರಸಿನ ಜೊತೆಗೆ ನಿಮ್ಮ ಪಾದವನ್ನೂ ನೋಡಿಕೊಳ್ಳಿ

ಇಟ್ಟಮಡುವಿನ ಕೊಟ್ಟಿಗೆಯೊಂದಕ್ಕೆ ಕುಂಟುತ್ತಿದ್ದ ಹಸುವನ್ನು ನೋಡಲು ಹೋಗಿದ್ದೆ. ಗೊರಸಿನ ಮೊಳೆ ತೆಗೆದು ಎದ್ದರೆ, ಹಗ್ಗ ಹಿಡಿದಿದ್ದ ಯಜಮಾನರ ಹೆಬ್ಬೆರಳಲ್ಲಿ ರಕ್ತ. ಹಸು ತುಳಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹಲವು ವರ್ಷಗಳ ಸಕ್ಕರೆ ಕಾಯಿಲೆ. ಅಂದೇ ಆಸ್ಪತ್ರೆಗೆ ಕಳುಹಿಸಿದೆ.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ರಕ್ತ ಸಂಚಾರವೂ ಕುಗ್ಗುತ್ತದೆ. ನೋವಾದ ಹಸು ಕುಂಟುತ್ತದೆ, ನೀವು ನಮ್ಮನ್ನು ಕರೆಯುತ್ತೀರಿ. ಜೋಮು ಹಿಡಿದ ಕಾಲು ಕುಂಟುವುದೂ ಇಲ್ಲ. ಸೆಗಣಿ, ಗಂಜಲದ ತೇವದಲ್ಲಿ ಗಾಯ ಕೀವಾಗಿ, ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗಬಹುದು.

ಹೈನುಗಾರ ಬಂಧುಗಳೇ, ಇಷ್ಟು ಮಾಡಿ:

• ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗಬೇಡಿ. ಗಂಬೂಟನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿ, ಒಣಗಿದ ಕಾಲುಚೀಲದೊಂದಿಗೆ ಹಾಕಿಕೊಳ್ಳಿ.
• ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಪಾದ ತೊಳೆದು, ಬೆರಳ ಸಂದು ಒರೆಸಿ, ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿ.
• ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಜೋಮು ಹೋಗಲೆಂದು ಬಿಸಿನೀರಲ್ಲಿ ಕಾಲಿಡಬೇಡಿ, ಸುಟ್ಟರೂ ತಿಳಿಯದು.
• ಹಸುವಿಗೆ ಕೊಟ್ಟ ಮುಲಾಮನ್ನು ನಿಮ್ಮ ಗಾಯಕ್ಕೆ ಹಚ್ಚಿ ಕಾಯಬೇಡಿ. ಅಂದೇ ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ತಪಾಸಣೆ ಉಚಿತ. ಈ ಭಾಗದವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆಯೂ ಇದೆ. ಹಸುವಿನ ಕಾಲಿಗೆ ನಾವಿದ್ದೇವೆ. ನಿಮ್ಮ ಕಾಲನ್ನು ದಿನಕ್ಕೊಮ್ಮೆ ನೀವೇ ನೋಡಬೇಕು.