ಹೆಸರಿಗೆ ದೊರೆತ ಬೆಲೆ: ಮಧುಬನಿಯ ದುಲಾರಿ ದೇವಿ

2025ರ ಫೆಬ್ರವರಿ 1ರಂದು ಕೇಂದ್ರದ ಮುಂಗಡಪತ್ರವನ್ನು ಮಂಡಿಸಿದ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು ಮೀನಿನ ಚಿತ್ತಾರವುಳ್ಳ ಸೀರೆಯನ್ನು ಉಟ್ಟಿದ್ದರು. ಸಾಲ ಸೌಲಭ್ಯ ಕಾರ್ಯಕ್ರಮದ ನಿಮಿತ್ತ ಅವರು ಮಧುಬನಿಗೆ ಭೇಟಿ ನೀಡಿದ್ದಾಗ ಆ ಸೀರೆಯನ್ನು ಕಾಣಿಕೆಯಾಗಿತ್ತು, ಮುಂಗಡಪತ್ರದ ದಿನ ಉಡಬೇಕೆಂದು ಕೋರಿದವರು ಚಿತ್ರಕಲಾವಿದೆ ಶ್ರೀಮತಿ ದುಲಾರಿ ದೇವಿ.

ಬಿಹಾರದ ರಾಂಟಿ ಗ್ರಾಮದ ದುಲಾರಿ ದೇವಿಯವರು ಮೀನುಗಾರಿಕೆಯನ್ನು ನೆಚ್ಚಿದ ಮಲ್ಲಾಹ ಸಮುದಾಯದವರು. ಶಾಲೆಯ ಭಾಗ್ಯ ಅವರಿಗೆ ಒದಗಲಿಲ್ಲ. ಜೀವನೋಪಾಯಕ್ಕಾಗಿ ಅದೇ ಗ್ರಾಮದ ಹೆಸರಾಂತ ಕಲಾವಿದೆಯರಾದ ಮಹಾಸುಂದರಿ ದೇವಿ ಹಾಗೂ ಕರ್ಪೂರಿ ದೇವಿಯವರ ಮನೆಗಳಲ್ಲಿ ಕಸ ಗುಡಿಸಿ, ಪಾತ್ರೆ ತೊಳೆಯುತ್ತಿದ್ದರು. ಕೆಲಸದ ಬಿಡುವಿನಲ್ಲಿ ಕಂಡುದನ್ನು ತಮ್ಮ ಮನೆಯ ಮಣ್ಣು ಸಾರಿಸಿದ ನೆಲ, ಗೋಡೆಗಳ ಮೇಲೆ ಕಡ್ಡಿಯಿಂದ ಬರೆದು ಅಭ್ಯಸಿಸಿದರು. ಮುಂದೆ ಆ ಹಿರಿಯರೇ ಅವರಿಗೆ ಗುರುಗಳಾದರು. 2021ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿಸಿತು.

ಈ ಬದಲಾವಣೆಯ ಹಿಂದೆ ಮಾರುಕಟ್ಟೆಯ ಪಾತ್ರವೂ ಇದೆ. ಮದುವೆಯ ಕೋಣೆಯ ಗೋಡೆಗಳಿಗೆ ಮೀಸಲಾಗಿದ್ದ ಮಿಥಿಲೆಯ ಚಿತ್ರಕಲೆಯು 1966–67ರ ಬಿಹಾರದ ಬರಗಾಲದಲ್ಲಿ ಕಾಗದಕ್ಕೆ ಇಳಿಯಿತು. ಮಹಿಳೆಯರಿಗೆ ಆದಾಯ ಒದಗಿಸುವ ಉದ್ದೇಶದಿಂದ, ಅಖಿಲ ಭಾರತ ಕರಕುಶಲ ಮಂಡಳಿಯು ಕಲಾವಿದ ಭಾಸ್ಕರ ಕುಲಕರ್ಣಿ ಅವರನ್ನು ಅಲ್ಲಿಗೆ ಕಳುಹಿಸಿತ್ತು. ಗೋಡೆಯನ್ನು ಮಾರಲಾಗದು, ಕಾಗದ ಊರು ದಾಟುತ್ತದೆ, ಬರೆದವರ ಸಹಿಯನ್ನೂ ಹೊತ್ತೊಯ್ಯುತ್ತದೆ. 1975ರಲ್ಲಿ ಜಗದಂಬಾ ದೇವಿ, 1981ರಲ್ಲಿ ಸೀತಾ ದೇವಿ, 1984ರಲ್ಲಿ ಗಂಗಾ ದೇವಿ ಪದ್ಮಶ್ರೀ ಪುರಸ್ಕೃತರಾದರು. ಆರಂಭದಲ್ಲಿ ಬ್ರಾಹ್ಮಣ, ಕಾಯಸ್ಥ ಮನೆತನಗಳ ಮಹಿಳೆಯರದೆಂದೇ ಹೆಸರಾಗಿದ್ದ ಈ ಕಲೆಯಲ್ಲಿ ಮನೆಗೆಲಸದ ಮಹಿಳೆಯೊಬ್ಬರು ಅದೇ ಗೌರವಕ್ಕೆ ಪಾತ್ರರಾದುದು ಗಮನಾರ್ಹ. ಅವರ ಚಿತ್ರಗಳಲ್ಲಿ ದೇವತೆಗಳೊಂದಿಗೆ ಮೀನುಗಾರರ ಬದುಕೂ ಸ್ಥಾನ ಪಡೆದಿದೆ.

2007ರಲ್ಲಿ ಮಧುಬನಿ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಮ್ಮ ಚನ್ನಪಟ್ಟಣದ ಆಟಿಕೆ, ಮೈಸೂರು ರೇಷ್ಮೆಗಳಿಗೂ ಇಂಥ ಮಾನ್ಯತೆ ಇದೆ. ಆದರೆ ಈ ಮಾನ್ಯತೆ ರಕ್ಷಿಸುವುದು ಪ್ರದೇಶದ ಹೆಸರನ್ನು. ಕುಶಲಕರ್ಮಿಯ ಹೆಸರನ್ನು ಉಳಿಸಬೇಕಾದವರು ವ್ಯಾಪಾರಸ್ಥರು. ಯಂತ್ರದಲ್ಲಿ ಅಚ್ಚಾದ ಮೀನಿಗೂ ಕೈಯಿಂದ ಮೂಡಿದ ಮೀನಿಗೂ ಇರುವ ಅಂತರವನ್ನು ಗ್ರಾಹಕನಿಗೆ ತಿಳಿಸಬಲ್ಲವರು ಅವರೇ. ಕರಕುಶಲ ವಸ್ತುಗಳ ವ್ಯವಹಾರ ನಡೆಸುವ ನಮ್ಮ ಸದಸ್ಯರು ಬೆಲೆಚೀಟಿಯಲ್ಲಿ ತಯಾರಿಸಿದವರ ಹೆಸರನ್ನೂ ನಮೂದಿಸುವುದು ಉಚಿತ. ದುಲಾರಿ ದೇವಿಯವರ ಶ್ರಮ ಮೊದಲೂ ಇತ್ತು; ಅದಕ್ಕೆ ತಕ್ಕ ಬೆಲೆ ಬಂದದ್ದು ಹೆಸರು ಸೇರಿದ ಮೇಲೆ.