ದಾನದ ನೆಲದಲ್ಲಿ ಸಂಶೋಧನೆಯ ಬೆಳೆ

ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ, ಹುಟ್ಟಿದ್ದೇ ಕೊಡುಗೈಗಳಿಂದ. ಜೆಮ್‌ಷೆಟ್‌ಜಿ ಟಾಟಾ ತಮ್ಮ ಆಸ್ತಿಯಲ್ಲಿ ಒಂದು ಪಾಲನ್ನು ಅದಕ್ಕೆಂದೇ ಎತ್ತಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ತಮ್ಮ ಸಂಸ್ಥೆ ತಲೆ ಎತ್ತುವುದನ್ನು ನೋಡಲು ಟಾಟಾ ಉಳಿದಿರಲಿಲ್ಲ; ಅವರು 1904ರಲ್ಲೇ ತೀರಿಕೊಂಡಿದ್ದರು.

ಆ ಪರಂಪರೆ ಈಚಿನ ವರ್ಷಗಳಲ್ಲಿ ಮತ್ತೆ ಚಿಗುರಿದೆ. 2018ರಲ್ಲಿ ಕೇಂದ್ರ ಸರ್ಕಾರ ಐಐಎಸ್‌ಸಿಯನ್ನು ‘ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್’ ಎಂದು ಆರಿಸಿತು. ಈ ಪಟ್ಟಿಯ ಸರ್ಕಾರಿ ಸಂಸ್ಥೆಗಳಿಗೆ ಐದು ವರ್ಷಗಳಲ್ಲಿ ಸಾವಿರ ಕೋಟಿ ರೂಪಾಯಿವರೆಗೆ ಅನುದಾನ ನಿಗದಿಯಾಗಿತ್ತು. 2022ರ ಫೆಬ್ರುವರಿಯಲ್ಲಿ ಸುಸ್ಮಿತಾ–ಸುಬ್ರತೊ ಬಾಗ್ಚಿ ಹಾಗೂ ರಾಧಾ–ಎನ್.ಎಸ್. ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು. ಅದುವರೆಗೆ ಸಂಸ್ಥೆಗೆ ಖಾಸಗಿಯಾಗಿ ಬಂದ ಅತಿ ದೊಡ್ಡ ದೇಣಿಗೆ ಅದು. ಆ ಹಣದಿಂದ 800 ಹಾಸಿಗೆಗಳ ಆಸ್ಪತ್ರೆ, ಅದರ ಜೊತೆಗೆ ವೈದ್ಯರನ್ನೇ ವಿಜ್ಞಾನಿಗಳಾಗಿ ತಯಾರು ಮಾಡುವ ವೈದ್ಯಕೀಯ ಶಾಲೆ ಕಟ್ಟುವುದು ಯೋಜನೆ.

ಹಣ ಹಳ್ಳಿಯ ಬಾಗಿಲಿಗೂ ಹೇಗೆ ತಲುಪುತ್ತದೆ ಎಂಬುದಕ್ಕೆ ಶ್ರೀನಿವಾಸಪುರ ಸಾಕ್ಷಿ. ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಕುಟುಂಬದ ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿಗಳ ಬೆಂಬಲ ಕೊಟ್ಟು ಐಐಎಸ್‌ಸಿ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕೆ ಜೀವ ತುಂಬಿತು. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಈ ತಾಲ್ಲೂಕಿನಲ್ಲಿ, 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಕೇಂದ್ರ ಕೈಗೊಂಡಿದೆ. ನೆನಪಿನ ಶಕ್ತಿ, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ಪರೀಕ್ಷಿಸಿ, ಮುಪ್ಪಿನ ಮರೆವು ಯಾರನ್ನು ಏಕೆ ಹಿಡಿಯುತ್ತದೆ ಎಂದು ಹುಡುಕುವುದು ಉದ್ದೇಶ. ಇಂಥ ಪ್ರಶ್ನೆಗೆ ಒಂದೆರಡು ವರ್ಷದಲ್ಲಿ ಉತ್ತರ ಸಿಗುವುದಿಲ್ಲ. ಅವಸರವಿಲ್ಲದೆ ಕಾಯಬಲ್ಲ ಹಣವೇ ಬೇಕು.

ಕಟ್ಟಡ, ಯಂತ್ರಗಳಷ್ಟೇ ಮುಖ್ಯವಾದದ್ದು ವಿದ್ಯಾರ್ಥಿಯ ಕೈಗೆ ಸೇರುವ ದುಡ್ಡು. ಪಿಎಚ್‌ಡಿ ಎಂದರೆ ಮನೆಯವರು ಇನ್ನೈದು ವರ್ಷ ಸಾಕಬೇಕು ಎಂಬ ಭಯ ನಮ್ಮಲ್ಲಿ ಬಹಳ ಮಂದಿಗಿದೆ. ವಾಸ್ತವ ಬೇರೆಯೇ ಇದೆ. ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದೆ, ಹಿರಿಯರದ್ದು 42,000. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ದಕ್ಕಿಸಿಕೊಂಡವರಿಗೆ ಮೊದಲೆರಡು ವರ್ಷ ತಿಂಗಳಿಗೆ 70,000, ಕೊನೆಗೆ 80,000 ರೂಪಾಯಿ. ಇದರ ಮೇಲೆ ಪುಸ್ತಕ, ಪ್ರಯಾಣ, ಸಲಕರಣೆಗಳಿಗೆಂದು ವರ್ಷಕ್ಕೆ ಎರಡು ಲಕ್ಷ. ಪ್ರತಿಯಾಗಿ ಅವರು ಹತ್ತಿರದ ಐಟಿಐ, ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು. ಪ್ರಯೋಗಾಲಯದ ಅರಿವು ಹೀಗೆ ಹೊರಗಿನ ತರಗತಿಗೂ ಹರಿಯುತ್ತದೆ. 2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಇಂಥ ಹತ್ತು ಸಾವಿರ ಫೆಲೋಶಿಪ್‌ಗಳನ್ನು ಐಐಟಿಗಳಿಗೂ ಐಐಎಸ್‌ಸಿಗೂ ಘೋಷಿಸಿದೆ.

ಈ ವೆಚ್ಚಕ್ಕೆ ತಕ್ಕ ಫಲವೂ ಕಾಣುತ್ತಿದೆ. ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ, ಪಟ್ಟಿ ಶುರುವಾದ 2016ರಿಂದಲೂ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲ ಸ್ಥಾನ ಈ ಸಂಸ್ಥೆಯದೇ.

ಆದರೆ ಸಂಸ್ಥೆಯ ಗೋಡೆಯ ಪಕ್ಕದಲ್ಲೇ ಓಡಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಬಾಗಿಲು ಗೊತ್ತು? ಪಿಎಚ್‌ಡಿಗೆ ಗೇಟ್ ಅಥವಾ ನೆಟ್, ಬಿಎಸ್‌ಸಿ ಮುಗಿಸಿದವರಿಗೆ ಸಮಗ್ರ ಪಿಎಚ್‌ಡಿ ಸೇರಲು ಜಾಮ್ ಎಂಬ ಪರೀಕ್ಷೆಗಳಿವೆ. ಪಿಯುಸಿಯಲ್ಲಿ ಅಗ್ರಪಂಕ್ತಿಯ ಅಂಕ ಗಳಿಸಿ ಮೂಲವಿಜ್ಞಾನ ಓದುವವರಿಗೆ, ಊರಿನ ಕಾಲೇಜಿನಲ್ಲೇ ಇದ್ದರೂ, ವರ್ಷಕ್ಕೆ 80,000 ರೂಪಾಯಿಗಳ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ವರ್ಷಕ್ಕೊಮ್ಮೆ ‘ಓಪನ್ ಡೇ’ಯಂದು ಐಐಎಸ್‌ಸಿ ತನ್ನ ಪ್ರಯೋಗಾಲಯಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಮೇಷ್ಟ್ರುಗಳೂ ತಂದೆತಾಯಂದಿರೂ ಅಂದು ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಪ್ರಯೋಗ ನೋಡಿದ ಮೇಲೆ ಅಲ್ಲಿನ ವಿದ್ಯಾರ್ಥಿಗಳನ್ನು ಮಾತಾಡಿಸಿ, ಇಲ್ಲಿಗೆ ಬಂದದ್ದು ಹೇಗೆ, ಎಷ್ಟು ವೇತನ ಸಿಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಿಸಬೇಕು.