ಲೋಡಿಗೆ ತಪ್ಪದವರು ಮೀಟಿಂಗಿಗೆ ತಪ್ಪುವುದೇಕೆ?

ತಮಿಳುನಾಡಿನ ತಾಳವಾಡಿ ಬೆಟ್ಟದ ಗೆಟ್ಟವಾಡಿಯಲ್ಲಿ ಕೋಸು, ಆಲೂಗಡ್ಡೆ ಕೊಂಡು ಮಂಡಿಗಳಿಗೆ ಕಳಿಸುವ ವ್ಯಾಪಾರಿಯೊಬ್ಬರಿದ್ದಾರೆ ಎಂದುಕೊಳ್ಳಿ. ಅವರ ಲಾರಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಹೋಗಬೇಕು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಚೆಕ್‌ಪೋಸ್ಟಿನ ಗೇಟು ಬೀಳುವ ಮೊದಲು ಲೋಡು ದಾಟಿರಬೇಕೆಂಬ ಲೆಕ್ಕದಲ್ಲಿ ಇವರು ಒಮ್ಮೆಯೂ ತಪ್ಪುವುದಿಲ್ಲ. ಆದರೆ ಗುರುವಾರ ಹನ್ನೊಂದಕ್ಕೆ ಚಾಮರಾಜನಗರದಲ್ಲಿ ದೊಡ್ಡ ಖರೀದಿದಾರರ ಜೊತೆ ದರದ ಮಾತುಕತೆ ಇದ್ದರೆ, ಹತ್ತೂವರೆಗೂ ಮನೆಯಲ್ಲೇ ಹಳೆಯ ರಸೀದಿ ಹುಡುಕುತ್ತಿರುತ್ತಾರೆ. ಕೇಳಬೇಕಿದ್ದ ಮೂರು ಮಾತಿನಲ್ಲಿ ಎರಡು, ವಾಪಸು ಬಸ್ಸು ಹತ್ತಿದ ಮೇಲೆ ನೆನಪಾಗುತ್ತವೆ.

ಮನೆಯವರು ಇದನ್ನು ಅಸಡ್ಡೆ ಎನ್ನುತ್ತಾರೆ. ಲೋಡಿಗೆ ಇರುವ ನೆನಪು ಮೀಟಿಂಗಿಗೆ ಏಕಿಲ್ಲ ಎಂಬ ಅವರ ಪ್ರಶ್ನೆ ಸರಿಯಾದದ್ದೇ. ಉತ್ತರ ಕೆಲವರ ವಿಷಯದಲ್ಲಿ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಆಗಿರಬಹುದು.

ಗಮನ ನಿಲ್ಲದ, ಚಡಪಡಿಸುವ ಮಕ್ಕಳ ಬಗ್ಗೆ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಉಪನ್ಯಾಸ ಕೊಟ್ಟಿದ್ದರು. ದೊಡ್ಡವರಾದಂತೆ ಸರಿಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿಯಿತು. ಹಲವರಲ್ಲಿ ಅದು ಹೋಗುವುದಿಲ್ಲ, ರೂಪ ಬದಲಿಸುತ್ತದೆ: ಮರ ಹತ್ತುತ್ತಿದ್ದ ಹುಡುಗನ ಚಡಪಡಿಕೆ, ನಡುವಯಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಕೆಲಸಗಳ ಸಾಲಾಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಎರಡು ಮೂರು ಮಂದಿಗೆ ಇದಿದೆ ಎಂಬುದು ಈಗಿನ ಅಂದಾಜು. ಅವಳಿಗಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ತೋರಿಸಿವೆ.

ಮೀಟಿಂಗಿನ ಸಿದ್ಧತೆಯಲ್ಲಿ ತೊಡಕಾಗುವುದು ಮೂರು ಕಡೆ. ಮೊದಲನೆಯದು ಕಾರ್ಯನಿರತ ಸ್ಮೃತಿ. ಮಾತಾಡುತ್ತಲೇ ಮುಂದಿನ ಮಾತನ್ನು ಮನಸ್ಸಿನಲ್ಲಿ ಹಿಡಿದಿಡುವ ಪುಟ್ಟ ಜಾಗ ಅದು. ಯಾರಿಗೇ ಆಗಲಿ ಅಲ್ಲಿ ಹಿಡಿಯುವುದು ನಾಲ್ಕಾರು ಸಂಗತಿ. ಎಡಿಎಚ್‌ಡಿಯಲ್ಲಿ ಅದೂ ಬೇಗ ಜಾರುತ್ತದೆ. ಎರಡನೆಯದು ಕಾಲದ ಅಳತೆ. ಈ ತೊಂದರೆ ಇರುವವರು ತಮ್ಮ ಗಡಿಯಾರದಲ್ಲಿ ಎರಡೇ ಹೊತ್ತು ಎನ್ನುವುದುಂಟು: ಈಗ, ಆಮೇಲೆ. ಗುರುವಾರವೆಂಬುದು ಬುಧವಾರ ರಾತ್ರಿಯವರೆಗೂ ‘ಆಮೇಲೆ’. ಮೂರನೆಯದು ಫಲದ ಸೆಳೆತ. ಮಿದುಳಿನ ಮುಂಭಾಗವನ್ನು ಕೆಲಸಕ್ಕೆ ಹಚ್ಚುವ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ವ್ಯವಸ್ಥೆ ಇವರಲ್ಲಿ ಭಿನ್ನವಾಗಿ ನಡೆಯುತ್ತದೆ. ದೂರದ ಲಾಭ ಇವರನ್ನು ಎಬ್ಬಿಸದು, ಎದುರಿಗಿರುವ ತುರ್ತು ಎಬ್ಬಿಸುತ್ತದೆ.

ಈಗ ಲಾರಿಯ ಗುಟ್ಟು ತಿಳಿಯಿತು. ಗೇಟು ಕಣ್ಣಿಗೆ ಕಾಣುತ್ತದೆ, ಅದರ ಹೊತ್ತು ಊರಿಗೆಲ್ಲ ಗೊತ್ತು, ಡ್ರೈವರ್ ಹಾರ್ನ್ ಹೊಡೆದು ಕರೆಯುತ್ತಾನೆ. ಮೀಟಿಂಗಿಗೆ ಇವು ಯಾವುವೂ ಇಲ್ಲ. ಹಾಗಾದರೆ ಸಿದ್ಧತೆಯೆಂದರೆ ಮೀಟಿಂಗಿಗೂ ಒಂದು ಗೇಟು ಕಟ್ಟುವುದು.

ತಲೆಯಲ್ಲಿರುವುದನ್ನು ಹೊರಗಿಡಿ. ನಮ್ಮ ಅಜ್ಜಿಯರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು, ಹಾಲಿನ ಲೆಕ್ಕವನ್ನು ಇದ್ದಿಲಿನಲ್ಲಿ ಗೋಡೆಗೆ ಗೀಚುತ್ತಿದ್ದರು. ಅದೇ ಉಪಾಯ ಇಲ್ಲಿಗೂ ಸಾಕು: ಒಂದೇ ಚೀಟಿ, ಮೂರೇ ಸಾಲು. ಏನು ಕೇಳಬೇಕು, ಎಷ್ಟಕ್ಕೆ ಒಪ್ಪಬಹುದು, ಯಾವ ಕಾಗದ ಬೇಕು. ಚೀಟಿ ಜೇಬಿನಲ್ಲಲ್ಲ, ಮೇಜಿನ ಮೇಲೆ ತೆರೆದಿರಲಿ.

ಅಲಾರಂ ಹನ್ನೊಂದಕ್ಕೆ ಇಡಬೇಡಿ, ಮನೆ ಬಿಡುವ ಹೊತ್ತಿಗೆ ಇಡಿ. ಕಾಗದಗಳ ಚೀಲವನ್ನು ಹಿಂದಿನ ಸಂಜೆಯೇ ಬಾಗಿಲ ಬಳಿ ತೂಗುಹಾಕಿ. ‘ನಾಳೆ ತಯಾರಾಗುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಸಂಜೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಚೀಟಿ ಬರೆಯುತ್ತೇನೆ’ ಎಂಬುದು ಹೆಚ್ಚು ಕೈಗೂಡುತ್ತದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರಿಸಿದ ಈ ಕ್ರಮ ಎಡಿಎಚ್‌ಡಿ ಇರುವ ಮಕ್ಕಳಿಗೂ ನೆರವಾದದ್ದು ಕಂಡುಬಂದಿದೆ. ಇನ್ನು ಹಾರ್ನ್ ಹೊಡೆಯಲು ಒಬ್ಬರು ಬೇಕು. ಚೀಟಿ ಬರೆಯುವಾಗ ಹೆಂಡತಿಯೋ ತಮ್ಮನೋ ಪಕ್ಕದಲ್ಲಿ ಕೂತರೆ ಸಾಕು. ಮೀಟಿಂಗು ಮುಗಿದು ಎದ್ದೇಳುವ ಮೊದಲೇ ಒಪ್ಪಿದ್ದನ್ನು ಅವರಿಗೆ ಫೋನಿನಲ್ಲಿ ಹೇಳಿಬಿಡಿ.

ಮರೆವೆಲ್ಲ ಎಡಿಎಚ್‌ಡಿ ಅಲ್ಲ. ಹೊಲಕ್ಕೆ ಆನೆ ಬರದಂತೆ ರಾತ್ರಿ ನಿದ್ದೆಗೆಟ್ಟು ಕಾದವರಿಗೂ ಮರುದಿನ ಗಮನ ನಿಲ್ಲದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ, ಮನೆ, ವ್ಯಾಪಾರ ಎರಡು ಕಡೆಯೂ ಕಾಡುತ್ತಿವೆಯೇ ಎಂದು ಮನೋವೈದ್ಯರು ಕೇಳಿ ನೋಡುತ್ತಾರೆ. ಇದ್ದರೆ ಔಷಧವಿದೆ. ಔಷಧದ ಜೊತೆ ಇಂಥ ಅಭ್ಯಾಸಗಳ ತರಬೇತಿಯೂ ಸೇರಿದರೆ ಇನ್ನಷ್ಟು ಗುಣವೆಂದು 2010ರಲ್ಲಿ ಅಮೆರಿಕದ ಸಂಶೋಧಕ ಸ್ಟೀವನ್ ಸಫ್ರೆನ್ ಅವರ ತಂಡ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನೂ ಚೀಟಿಯಲ್ಲಿ ಬರೆದಿಡಿ.